ಗೇರುಬೀಜ, ಪಟಾಕಿ ಮತ್ತು ಒಂದು ಜಲಪಾತ

ಈ ಕಡೆ ಬಂದು ಏನಾದರೂ ಬರೆದು ನಾಲ್ಕು ತಿಂಗಳ ಮೇಲಾಯ್ತು. ಕೆಲಸ ಜಾಸ್ತಿ ಇತ್ತು ಅಂತ ನೆಪ ಹೇಳಬಹುದು. ಆದರೆ ನಿಜ ಅದಲ್ಲ. ಬರೆಯಬೇಕಾದ್ದು ಒಂದಿತ್ತು, ಅದನ್ನು ಬರೆಯದೆ ಬೇರೆ ಏನು ಬರೆಯೋಕೆ ಕೂತರೂ ಎರಡು ಸಾಲಿಗೇ ನಿಂತುಹೋಗುತ್ತಿತ್ತು. ಹಾಗಾಗಿ ಇವತ್ತು ಒಂದು ಚಾರಣದ ಕಥೆ ಹೇಳ್ತೀನಿ. ನಡುವೆ ಎಲ್ಲೋ ಅದೂ ಬರುತ್ತೆ.

ನಾನಿರೋದು ಅಮೆರಿಕದ ಒರೆಗಾನ್ ರಾಜ್ಯದಲ್ಲಿ, ಪೋರ್ಟ್‌ಲ್ಯಾಂಡ್ ಪಕ್ಕದ ಹಿಲ್ಸ್‌ಬರೋ ಅನ್ನೋ ಊರಲ್ಲಿ. ಚಿಪ್ ಮಾಡುವವರ ಊರು, ಆದ್ದರಿಂದ ಕನ್ನಡದವರಿಗೇನೂ ಬರವಿಲ್ಲ. ಶನಿವಾರ ಬೆಳಿಗ್ಗೆ ಇಂಡಿಯನ್ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಆರಿಸುತ್ತಾ ನಿಂತರೆ ಪಕ್ಕದಲ್ಲಿ "ರೀ, ಬದನೆಕಾಯಿ ಎಳೇದಿದೆ ನೋಡ್ರೀ" ಅಂತ ಕೇಳಿಸುತ್ತದೆ. ಒಂದು ಕ್ಷಣ ಸಾಗರದ ಸಂತೆಯಲ್ಲಿದ್ದ ಹಾಗೆ ಅನ್ನಿಸಿ, ಆಮೇಲೆ ಬೆಲೆ ನೋಡಿದಾಗ ಎಚ್ಚರವಾಗುತ್ತದೆ.

ನನ್ನ ಟೀಮಿನಲ್ಲೇ ಇರುವ ಹುಬ್ಬಳ್ಳಿಯ ಗೆಳೆಯನೊಬ್ಬ ಎರಡು ವರ್ಷದಿಂದ ಬೈಯ್ಯುತ್ತಲೇ ಇದ್ದ. "ಏನಲೇ, ಮಲೆನಾಡಾಂವ ಅಂತೀ, ಜೋಗ ನಮ್ಮನಿ ಹಿತ್ತಲದಾಗ ಐತಿ ಅಂತೀ, ಈಗಲ್ ಕ್ರೀಕ್ ನೋಡಿಲ್ಲಂದ್ರ ಹೆಂಗ?" ಜೋಗ ನಮ್ಮ ಮನೆ ಹಿತ್ತಲಲ್ಲಿ ಇದೆ ಅಂತ ನಾನು ಎಂದೂ ಹೇಳಿಲ್ಲ. ಸಾಗರದಿಂದ ಮೂವತ್ತು ಕಿಲೋಮೀಟರ್ ಅಂದಿದ್ದೆ, ಅಷ್ಟೇ. ಇರಲಿ. ಕಳೆದ ಅಕ್ಟೋಬರಿನ ಒಂದು ಶನಿವಾರ ಅವನು, ಅವನ ಹೆಂಡತಿ (ಅವಳು ಮೈಸೂರಿನವಳು), ನಾನು ಮೂವರೂ ಹೊರಟೇಬಿಟ್ಟೆವು. ಚಿತ್ರಾನ್ನ, ಚಪಾತಿ-ಚಟ್ನಿಪುಡಿ, ಮೊಸರನ್ನ, ಎರಡು ಥರ್ಮಾಸ್ ಕಾಫಿ. ಇಷ್ಟು ಊಟ ಕಟ್ಟಿಕೊಂಡು ಹೋದರೆ ಅದು ಚಾರಣವೋ ದಿಬ್ಬಣವೋ ಅಂತ ಯಾರಾದರೂ ಕೇಳಬಹುದು.

ಪೋರ್ಟ್‌ಲ್ಯಾಂಡ್ ದಾಟಿ ಪೂರ್ವಕ್ಕೆ ಹೊರಟರೆ ಎಡಗಡೆ ಕೊಲಂಬಿಯಾ ನದಿ. ನದಿ ಅನ್ನೋದಕ್ಕಿಂತ ಹಿನ್ನೀರು ಅಂದರೇ ಸರಿ, ಅಷ್ಟು ಅಗಲ, ಅಷ್ಟು ಗಂಭೀರ. ಬಲಗಡೆ ಸೀದಾ ಎದ್ದು ನಿಂತ ಕಪ್ಪು ಬಂಡೆಯ ಗೋಡೆ, ಅದರ ಮೇಲಿಂದ ಅಲ್ಲಲ್ಲಿ ಬಿಳಿ ದಾರ ಇಳಿಬಿಟ್ಟ ಹಾಗೆ ಜಲಪಾತಗಳು. ಇವುಗಳಲ್ಲೆಲ್ಲ ಹೆಸರುವಾಸಿ ಮಲ್ಟ್‌ನೋಮಾ, 620 ಅಡಿ. ಅಲ್ಲಿ ಕಾರು ನಿಲ್ಲಿಸಲಿಕ್ಕೇ ಒಂದು ಪುಣ್ಯ ಬೇಕು. ಅದನ್ನು ದಾಟಿ, ಬೊನ್ನೆವಿಲ್ ಅಣೆಕಟ್ಟನ್ನೂ ದಾಟಿ, 41ನೇ ಎಕ್ಸಿಟ್ಟಿನಲ್ಲಿ ಬಲಕ್ಕೆ ತಿರುಗಿದರೆ ಈಗಲ್ ಕ್ರೀಕ್. ಕೊಲಂಬಿಯಾಕ್ಕೆ ಸೇರುವ ಒಂದು ಚಿಕ್ಕ ಹೊಳೆ. ಆ ಹೊಳೆ ಕೊರೆದುಕೊಂಡ ಕಮರಿಯಲ್ಲೇ ದಾರಿ. ಆರು ಮೈಲಿ ಹೋದರೆ ಟನೆಲ್ ಫಾಲ್ಸ್. ಹೋಗಿ ಬರುವುದು ಒಟ್ಟು ಹನ್ನೆರಡು ಮೈಲಿ, ನಮ್ಮ ಲೆಕ್ಕದಲ್ಲಿ ಹತ್ತೊಂಬತ್ತು ಕಿಲೋಮೀಟರ್.

ಇಳಿದ ಕೂಡಲೇ ಮೂಗಿಗೆ ಹೊಡೆದದ್ದು ಮೀನಿನ ವಾಸನೆ. ಹೊಳೆಯಲ್ಲಿ ಸಾಲ್ಮನ್ ಮೀನುಗಳು ತುಂಬಿದ್ದವು. ಸಮುದ್ರದಿಂದ ಕೊಲಂಬಿಯಾ ಹತ್ತಿ, ಅಣೆಕಟ್ಟಿನ ಪಕ್ಕದ ಮೆಟ್ಟಿಲು ಹತ್ತಿ, ತಾವು ಹುಟ್ಟಿದ ನೀರಿಗೇ ಮೊಟ್ಟೆಯಿಡಲು ಬರುತ್ತವೆ. ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತವೆ. ಬೆನ್ನು ಮುಳುಗದಷ್ಟು ನೀರಿನಲ್ಲಿ, ಮೈಯೆಲ್ಲ ಗಾಯ ಮಾಡಿಕೊಂಡು, ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಒದ್ದಾಡುತ್ತಿದ್ದವು. "ಊರಿಗೆ ಹೋಗೂದಂದ್ರ ಹಿಂಗ ನೋಡು, ನಾವು ಟಿಕೆಟ್ ರೇಟ್ ಜಾಸ್ತಿ ಆತಂತ ಅಳ್ತೀವಿ" ಅಂದ ಗೆಳೆಯ. ನಕ್ಕೆವು.

ದಾರಿ ಶುರುವಿನಲ್ಲಿ ಸಾಧು. ಅರ್ಧ ಮೈಲಿ ಹೋಗುವಷ್ಟರಲ್ಲಿ ಬುದ್ಧಿ ತೋರಿಸುತ್ತದೆ. ಒಂದು ಪಕ್ಕ ಬಂಡೆಯ ಗೋಡೆ, ಇನ್ನೊಂದು ಪಕ್ಕ ಏನೂ ಇಲ್ಲ. ನಡುವೆ ಮೂರ್ನಾಲ್ಕು ಅಡಿ ಅಗಲದ ಕಟ್ಟೆ, ಅದೂ ಬಂಡೆಯನ್ನೇ ಕಡಿದು ಮಾಡಿದ್ದು. ಹಿಡಿದುಕೊಳ್ಳಲು ಬಂಡೆಗೆ ಉಕ್ಕಿನ ಹಗ್ಗ ಬಿಗಿದಿದ್ದಾರೆ. ಕೆಳಗೆ ನೋಡಿದರೆ ಹೊಳೆ ಬೆಳ್ಳಗೆ ಕಾಣುತ್ತದೆ, ಸದ್ದು ಮಾತ್ರ ಸ್ವಲ್ಪ ತಡವಾಗಿ ಬಂದ ಹಾಗೆ ಅನ್ನಿಸುತ್ತದೆ. ಇದನ್ನು ಮಾಡಿದ್ದು 1910ರ ದಶಕದಲ್ಲಿ, ಕೊಲಂಬಿಯಾ ದಂಡೆಯ ಹೆದ್ದಾರಿ ಕಟ್ಟುತ್ತಿದ್ದ ಕಾಲದಲ್ಲೇ. ಕಾರಿನಲ್ಲಿ ಬಂದವರು ಇಳಿದು ನಡೆಯಲಿ, ಜಲಪಾತ ನೋಡಲಿ ಅಂತಲೇ. ಕೆಲಸಕ್ಕೆ ಬಾರದ ಒಂದು ಸಂತೋಷಕ್ಕಾಗಿ ನೂರು ವರ್ಷದ ಹಿಂದೆ ಯಾರೋ ಇಲ್ಲಿ ನಿಂತು ಬಂಡೆಗೆ ಮದ್ದು ತುಂಬಿದ್ದರು ಅನ್ನೋದೇ ನನಗೆ ಆಶ್ಚರ್ಯ.

ಬಂಡೆಯೂ ಸಾಮಾನ್ಯದ್ದಲ್ಲ. ಸುಮಾರು 1 ಕೋಟಿ 60 ಲಕ್ಷ ವರ್ಷಗಳ ಹಿಂದೆ ಪೂರ್ವದ ಕಡೆಯಿಂದ ಹರಿದುಬಂದ ಲಾವಾ ಪದರ ಪದರವಾಗಿ ತಣಿದು ಆದದ್ದು. ಕೆಲವು ಕಡೆ ಆರು ಮೂಲೆಯ ಕಂಬಗಳನ್ನು ಸಾಲಾಗಿ ನಿಲ್ಲಿಸಿದ ಹಾಗಿದೆ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರು ಇಂಥ ಕಂಬಗಲ್ಲು ನೋಡಿರುತ್ತೀರಿ. ಆಮೇಲೆ ಹಿಮಯುಗದ ಕೊನೆಯಲ್ಲಿ, ಹದಿನೈದು ಸಾವಿರ ವರ್ಷದ ಆಸುಪಾಸು, ದೂರದ ಮೊಂಟಾನಾ-ಐಡಾಹೋ ಗಡಿಯ ಹತ್ತಿರ ಹಿಮದ ಒಡ್ಡು ಮತ್ತೆ ಮತ್ತೆ ಒಡೆದು ಮಹಾಪೂರಗಳು ಈ ಕಣಿವೆಯಲ್ಲಿ ನುಗ್ಗಿದವು. ಕೊಲಂಬಿಯಾದ ಎರಡೂ ದಂಡೆಯನ್ನು ಕೆತ್ತಿ ಹಾಕಿದವು. ಪಕ್ಕದ ಚಿಕ್ಕ ಹೊಳೆಗಳೆಲ್ಲ ಎತ್ತರದಲ್ಲೇ ಉಳಿದವು, ಜಲಪಾತಗಳಾದವು.

ಒಂದೂವರೆ ಮೈಲಿಗೆ ಮೆಟ್ಲಾಕೋ ಜಲಪಾತ ನೋಡುವ ಕಟ್ಟೆ ಇತ್ತಂತೆ. 2016ರ ಡಿಸೆಂಬರಿನಲ್ಲಿ ಆ ಕಟ್ಟೆಯೇ ಕುಸಿದು ಹೊಳೆಗೆ ಬಿತ್ತು. ಈಗ ಸದ್ದು ಕೇಳಿಸಿಕೊಂಡು ಮುಂದೆ ಹೋಗುವುದು.

ಅಷ್ಟು ಹೊತ್ತಿಗೆ ಸುಟ್ಟ ಮರಗಳು ಶುರುವಾಗಿದ್ದವು.

ಮೊದಲು ಒಂದೊಂದು. ಬುಡದಲ್ಲಿ ಇದ್ದಿಲು, ಮೇಲೆ ಹಸಿರು. ಡಗ್ಲಸ್ ಫರ್ ಮರದ ತೊಗಟೆ ಗೇಣುದಪ್ಪ ಇರುತ್ತದೆ, ಬೆಂಕಿ ಮುಟ್ಟಿದರೂ ಒಳಗಿನ ಜೀವ ಉಳಿಯುತ್ತದೆ. ಮುಂದೆ ಹೋದ ಹಾಗೆ ಹಸಿರು ಕಡಿಮೆಯಾಗಿ ಬೂದು ಬಣ್ಣದ ಕಂಬಗಳು ಜಾಸ್ತಿಯಾದವು. ಎದುರಿನ ಇಳಿಜಾರಿನಲ್ಲಿ ಸಾವಿರಾರು ಬೋಳು ಮರಗಳು, ಬಾಚಣಿಗೆಯ ಹಲ್ಲಿನ ಹಾಗೆ. ಅವುಗಳ ಕಾಲಬುಡದಲ್ಲಿ ಮಾತ್ರ ಜಾತ್ರೆ. ಆಳೆತ್ತರದ ಆಲ್ಡರ್ ಗಿಡಗಳು, ಕೆಂಪಗಾದ ಮೇಪಲ್ ಪೊದೆಗಳು, ಜರಿಗಿಡ, ಬೀಜ ಹಾರಿಸಿ ಒಣಗಿ ನಿಂತ ಫೈರ್‌ವೀಡ್. ಸುಟ್ಟ ನೆಲಕ್ಕೆ ಮೊದಲು ಬರುವ ಹೂವಂತೆ ಅದು, ಹೆಸರೇ ಹಾಗೆ.

ಗೆಳೆಯ ಮಾಸ್ಟರ್ಸ್ ಮಾಡಲು 2016ರಲ್ಲೇ ಬಂದವ. ಅವನಿಗೆ ಆ ದಿನಗಳು ಚೆನ್ನಾಗಿ ನೆನಪಿವೆ. "ಕಾರ್ ಮ್ಯಾಲೆ ಬೂದಿ ಬೀಳ್ತಿತ್ತಲೇ, ಪೋರ್ಟ್‌ಲ್ಯಾಂಡಿನಾಗ. ಮುಂಜಾನೆ ವೈಪರ್ ಹಾಕಿ ಬೂದಿ ತಗದು ಕಾಲೇಜಿಗೆ ಹೋಗ್ತಿದ್ವಿ. ಸೂರ್ಯ ಕುಂಕುಮದ ಬೊಟ್ಟಿನಂಗ ಕಾಣ್ತಿದ್ದ" ಅಂದ.

ಆದದ್ದಿಷ್ಟು. 2017ರ ಸೆಪ್ಟೆಂಬರ್ 2, ಶನಿವಾರ. ಸೋಮವಾರ ಲೇಬರ್ ಡೇ ರಜೆ, ಹಾಗಾಗಿ ದಾರಿ ತುಂಬ ಜನ. ಇಲ್ಲಿನ ಮಳೆ ನಮ್ಮ ಹಾಗಲ್ಲ. ವರ್ಷಕ್ಕೆ 75 ಇಂಚಿನ ಆಸುಪಾಸು ಬೀಳುತ್ತದೆ, ಆದರೆ ಎಲ್ಲ ಚಳಿಗಾಲದಲ್ಲಿ. ಬೇಸಿಗೆಯೆಲ್ಲ ಒಣ. ಆ ವರ್ಷವಂತೂ ವಾರಗಟ್ಟಲೆ ಮಳೆ ಕಂಡಿರಲಿಲ್ಲ, ಕಾಡಿನಲ್ಲಿ ಬೆಂಕಿ ಹಾಕುವುದನ್ನೇ ನಿಷೇಧಿಸಿದ್ದರು. ಹದಿನೈದು ವರ್ಷದ ಒಬ್ಬ ಹುಡುಗ ಗೆಳೆಯರ ಜೊತೆ ಬಂದಿದ್ದ. ಹೊಗೆಪಟಾಕಿಯೊಂದನ್ನು ಹಚ್ಚಿ ಕಮರಿಗೆ ಎಸೆದ. ಅಷ್ಟೇ. ಅವನು ಎಸೆದದ್ದನ್ನು ಹಾದಿಯಲ್ಲಿದ್ದ ಒಬ್ಬ ಮಹಿಳೆ ಕಂಡಿದ್ದಳು.

ಬೆಂಕಿ ಕಾಣಿಸಿಕೊಂಡಾಗ ಹಾದಿಯ ಮೇಲ್ಭಾಗದಲ್ಲಿ ನೂರೈವತ್ತು ಜನ ಸಿಕ್ಕಿಕೊಂಡಿದ್ದರು. ವಾಪಸು ಬರುವ ದಾರಿಯಲ್ಲಿ ಬೆಂಕಿ. ಮುಂದಕ್ಕೆ ಹೋಗೋಣ ಅಂದರೆ ಜುಲೈಯಿಂದ ಉರಿಯುತ್ತಿದ್ದ ಇನ್ನೊಂದು ಬೆಂಕಿ. ಹೊಳೆಯಲ್ಲಿ ಈಜಲೆಂದು ಚಡ್ಡಿ-ಚಪ್ಪಲಿಯಲ್ಲಿ ಬಂದವರೂ ಅವರಲ್ಲಿದ್ದರು. ರಾತ್ರಿಯಿಡೀ ಕಾಡಿನಲ್ಲೇ ಕಳೆದು, ಮರುದಿನ ರಕ್ಷಣಾ ತಂಡದ ಜೊತೆ ಮೈಲಿಗಟ್ಟಲೆ ಸುತ್ತಿ ವಾಟಮ್ ಅನ್ನುವ ಕೆರೆಯ ಕಡೆಯಿಂದ ಹೊರಗೆ ಬಂದರು. ಯಾರ ಜೀವವೂ ಹೋಗಲಿಲ್ಲ. ಸೋಮವಾರ ಪೂರ್ವದ ಗಾಳಿ ಎದ್ದಿತು. ಬೆಂಕಿ ಒಂದೇ ರಾತ್ರಿಯಲ್ಲಿ ಮಲ್ಟ್‌ನೋಮಾದವರೆಗೆ ಓಡಿತು, ಕಿಡಿಗಳು ಅಷ್ಟಗಲದ ಕೊಲಂಬಿಯಾವನ್ನೇ ಹಾರಿ ಆಚೆಯ ವಾಷಿಂಗ್ಟನ್ ದಂಡೆಯಲ್ಲಿ ಹೊತ್ತಿಕೊಂಡವು. 1925ರಲ್ಲಿ ಕಟ್ಟಿದ ಅಲ್ಲಿನ ಕಲ್ಲಿನ ಲಾಡ್ಜನ್ನು ಅಗ್ನಿಶಾಮಕದವರು ರಾತ್ರಿಯಿಡೀ ನೀರು ಹೊಡೆದು ಉಳಿಸಿಕೊಂಡರು. ಬೆಂಕಿ ಪೂರ್ತಿ ಹತೋಟಿಗೆ ಬಂತು ಅಂತ ಹೇಳಿದ್ದು ನವೆಂಬರ್ ಕೊನೆಗೆ. ಅಷ್ಟರಲ್ಲಿ ಸುಮಾರು 49 ಸಾವಿರ ಎಕರೆಯಲ್ಲಿ ಹರಡಿತ್ತು. ಈ ದಾರಿ ಮತ್ತೆ ತೆರೆದದ್ದು 2021ರ ಜನವರಿಯಲ್ಲಿ.

ಎರಡನೇ ಮೈಲಿಯ ಹತ್ತಿರ ಪಂಚ್‌ಬೌಲ್ ಜಲಪಾತ. ಮೂವತ್ತೈದು ಅಡಿ ಇರಬಹುದು, ಅಷ್ಟೇ. ಆದರೆ ಬೀಳುವ ಜಾಗ ದುಂಡಗೆ, ಬಟ್ಟಲಿನಂತೆ, ನೀರು ಪಚ್ಚೆ ಬಣ್ಣ. ನಾವು ಮೇಲಿನಿಂದ ನೋಡುತ್ತಾ ಮೊದಲ ಥರ್ಮಾಸ್ ತೆರೆದೆವು. ಬೆಂಕಿ ಶುರುವಾದದ್ದು ಇಲ್ಲೇ ಹತ್ತಿರದಲ್ಲಿ.

"ಆ ಹುಡುಗನಿಗೆ ಏನಾಯ್ತು?" ಅಂತ ಗೆಳೆಯನ ಹೆಂಡತಿ ಕೇಳಿದಳು.

ಅದನ್ನು ಗೆಳೆಯ ಓದಿಕೊಂಡಿದ್ದ. ಹುಡುಗ 2018ರ ಫೆಬ್ರವರಿಯಲ್ಲಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ. ಎದ್ದು ನಿಂತು ಎಲ್ಲರ ಕ್ಷಮೆ ಕೇಳಿದ. ಐದು ವರ್ಷ ಪ್ರೊಬೇಷನ್, ಅರಣ್ಯ ಇಲಾಖೆಯ ಜೊತೆ 1,920 ಗಂಟೆ ಸೇವೆ, ತೊಂದರೆಗೊಳಗಾದವರಿಗೆ ಕ್ಷಮಾಪಣೆಯ ಪತ್ರಗಳು. ಮೇ ತಿಂಗಳಲ್ಲಿ ನ್ಯಾಯಾಧೀಶರು ಪರಿಹಾರವನ್ನೂ ಗೊತ್ತು ಮಾಡಿದರು. 3 ಕೋಟಿ 66 ಲಕ್ಷ ಡಾಲರ್. ಆಗಿನ ಲೆಕ್ಕದಲ್ಲಿ 240 ಕೋಟಿ ರೂಪಾಯಿಗೂ ಮೇಲೆ. ಅಷ್ಟನ್ನು ಒಬ್ಬ ಹುಡುಗ ಕಟ್ಟಲಾರ ಅಂತ ಅವರಿಗೂ ಗೊತ್ತು. ಕಂತು ಕಟ್ಟಿಕೊಂಡು, ಬೇರೆ ತಪ್ಪು ಮಾಡದೆ ಹತ್ತು ವರ್ಷ ಕಳೆದರೆ ಉಳಿದದ್ದನ್ನು ನಿಲ್ಲಿಸಬಹುದು ಅಂತ ಆದೇಶದಲ್ಲೇ ಇತ್ತು. ಅವನ ಹೆಸರನ್ನು ಮಾತ್ರ ಹೊರಗೆ ಬಿಡಲಿಲ್ಲ.

"ಹದಿನೈದು ವರ್ಷದಾಂವಗ ಬುದ್ಧಿ ಇರಂಗಿಲ್ಲೇನ್ರಿ? ಒಳಗ ಹಾಕಬೇಕಿತ್ತು" ಅಂದ ಗೆಳೆಯ.

"ಪಾಪ, ಹುಡುಗ ಅಲ್ವಾ, ಅವನಿಗೇನು ಇಷ್ಟೆಲ್ಲ ಆಗುತ್ತೆ ಅಂತ ಗೊತ್ತಿತ್ತಾ" ಅಂದಳು ಅವಳು.

ಇಬ್ಬರೂ ನನ್ನ ಕಡೆ ನೋಡಿದರು, ತೀರ್ಪು ಹೇಳು ಅನ್ನುವ ಹಾಗೆ. ನಾನು ಕಾಫಿ ಕುಡಿದು, "ನಡೀರಿ, ಇನ್ನೂ ನಾಲ್ಕು ಮೈಲಿ ಇದೆ" ಅಂದೆ.

ಮೂರು ಮೈಲಿ ದಾಟಿದ ಮೇಲೆ ಎದುರಿನ ಬಂಡೆಯಿಂದ ಸಣ್ಣಗೆ ಇಳಿಯುವ ಲೂವಿಟ್ ಜಲಪಾತ ಸಿಗುತ್ತದೆ. ಆ ಹೆಸರು ಇಲ್ಲಿನ ಮೂಲನಿವಾಸಿಗಳ ಒಂದು ಕಥೆಯದ್ದು. ಒಂದಾನೊಂದು ಕಾಲದಲ್ಲಿ ಕೊಲಂಬಿಯಾಕ್ಕೆ ಅಡ್ಡಲಾಗಿ ದೇವರು ಕಟ್ಟಿದ ಕಲ್ಲಿನ ಸೇತುವೆ ಇತ್ತಂತೆ. ಲೋಕದಲ್ಲಿದ್ದ ಒಂದೇ ಒಂದು ಬೆಂಕಿ ಆ ಸೇತುವೆಯ ಮೇಲೆ. ಅದನ್ನು ಕಾಯುತ್ತಿದ್ದವಳು ಲೂವಿಟ್ ಅನ್ನುವ ಮುದುಕಿ. ಬೇಕಾದವರಿಗೆಲ್ಲ ಬೆಂಕಿ ಕೊಡುತ್ತಿದ್ದಳು. ದೇವರು ಮೆಚ್ಚಿ ಅವಳನ್ನು ಸುಂದರ ತರುಣಿಯಾಗಿ ಮಾಡಿದ. ಅವಳಿಗಾಗಿ ಅಣ್ಣ-ತಮ್ಮ ಇಬ್ಬರು ಹೊಡೆದಾಡಿ, ಬೆಂಕಿಯುಂಡೆ ಎಸೆದಾಡಿ, ಸೇತುವೆ ಮುರಿದುಬಿತ್ತು. ಮೂವರೂ ಮೂರು ಬೆಟ್ಟಗಳಾದರು. ಅವಳೇ ಸೇಂಟ್ ಹೆಲೆನ್ಸ್, 1980ರಲ್ಲಿ ಸ್ಫೋಟಿಸಿದ ಅದೇ ಜ್ವಾಲಾಮುಖಿ. ಸೇತುವೆಯ ಹಿಂದೆ ನಿಜವೂ ಇದೆ: ಐದಾರು ನೂರು ವರ್ಷದ ಹಿಂದೆ ಗುಡ್ಡ ಕುಸಿದು ಕೊಲಂಬಿಯಾಕ್ಕೆ ಕೆಲಕಾಲ ಅಡ್ಡ ಕಟ್ಟಿತ್ತು.

ಅಲ್ಲಿಂದ ಸ್ವಲ್ಪದರಲ್ಲೇ ಹೈ ಬ್ರಿಡ್ಜ್. ಎರಡು ಬಂಡೆಗಳ ನಡುವೆ ಹೊಳೆ ಒಂದು ಸಂದಿಯಾಗಿ, ನೂರಡಿಗೂ ಆಳದಲ್ಲಿ. ಗೆಳೆಯ ಮತ್ತು ಹೆಂಡತಿ ಫೋಟೋ ತೆಗೆಯುತ್ತಾ ಹಿಂದೆ ಉಳಿದರು. ನಾನು ಮುಂದೆ ಹೋದೆ. ಅಲ್ಲಿಂದ ಟನೆಲ್ ಫಾಲ್ಸಿನವರೆಗೆ ಹೆಚ್ಚುಕಡಿಮೆ ಒಬ್ಬನೇ ನಡೆದೆ. ಈಗ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ.

ನಮ್ಮ ಕಡೆ ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟ ಅಂತ ಇರುತ್ತದೆ. ತೋಟಕ್ಕೆ ಹಾಕುವ ಸೊಪ್ಪು, ಒಣ ದರಗು ಎಲ್ಲ ಅಲ್ಲಿಂದಲೇ. ಬೇಸಿಗೆಯಲ್ಲಿ ದರಗು ಗುಡಿಸಿ ಅಲ್ಲಲ್ಲೇ ರಾಶಿ ಹಾಕಿರುತ್ತಾರೆ. ಆ ಸಮಯದಲ್ಲಿ ಬೆಟ್ಟಕ್ಕೆ ಬೆಂಕಿ ಬಿತ್ತು ಅಂದರೆ ಊರಿಗೆ ಊರೇ ಓಡುತ್ತದೆ. ನಾನು ಏಳನೇ ಕ್ಲಾಸಿನ ಪರೀಕ್ಷೆ ಮುಗಿಸಿದ್ದೆ. ನಮ್ಮ ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದವರ ಮಗ ನನ್ನದೇ ಕ್ಲಾಸು. ಇಬ್ಬರೂ ಬೆಟ್ಟದ ಅಂಚಿನಲ್ಲಿ ಗೇರುಹಣ್ಣು ತಿಂದು, ಬೀಜ ಒಟ್ಟು ಮಾಡಿದ್ದೆವು. ಸುಟ್ಟು ತಿನ್ನೋಣ ಅಂದೆ. ಅವನು "ಇಲ್ಲಿ ಬ್ಯಾಡ, ಹೊಳೆ ಹತ್ರ ಹೋಪನ" ಅಂದ. ಅಷ್ಟು ದೂರ ಯಾರು ಹೋಗ್ತಾರೆ. ಬಚ್ಚಲೊಲೆಯ ಗೂಡಿನಿಂದ ಕದ್ದು ತಂದ ಕಡ್ಡಿಪೆಟ್ಟಿಗೆ ನನ್ನ ಜೇಬಿನಲ್ಲಿತ್ತು. ಗೀರಿದ್ದು ನಾನು.

ಗೇರುಬೀಜ ಸುಟ್ಟವರಿಗೆ ಗೊತ್ತು. ಸಿಪ್ಪೆಯ ಎಣ್ಣೆ ಹೊತ್ತಿಕೊಂಡು ಚಿಟಪಟ ಅಂತ ಹಾರುತ್ತದೆ. ಒಂದು ಬೀಜ ಹಾರಿ ದರಗಿನ ಮೇಲೆ ಬಿತ್ತು. ಅದು ಹೊತ್ತಿದ ಸದ್ದು ಇವತ್ತಿಗೂ ಕಿವಿಯಲ್ಲಿದೆ, ಯಾರೋ ದೊಡ್ಡ ಕಾಗದ ಮುದುಡಿದ ಹಾಗೆ. ನಾನು ಓಡಿದೆ. ಸೀದಾ ಮನೆಗೆ, ಕೈಕಾಲು ತೊಳೆದು, ಅಟ್ಟ ಹತ್ತಿ ಪುಸ್ತಕ ಹಿಡಿದು ಕೂತೆ.

ಅವನು ಓಡಲಿಲ್ಲ. ಹಸಿ ಕೊಂಬೆ ಮುರಿದುಕೊಂಡು ಬಡಿಯುತ್ತಾ ನಿಂತ. ಜನ ಬಂದಾಗ ಬೆಂಕಿಯ ಹತ್ತಿರ ಮಸಿ ಮೆತ್ತಿಕೊಂಡು ಇದ್ದವನು ಅವನೊಬ್ಬನೇ. ಮೂರು ಎಕರೆ ಹೋಯಿತು, ಅದೂ ಪಕ್ಕದ ಮನೆ ಅಜ್ಜನ ಬೆಟ್ಟ, ಅವರ ಇಡೀ ವರ್ಷದ ದರಗಿನ ರಾಶಿ. ಸಂಜೆ ನಮ್ಮ ಜಗುಲಿಯಲ್ಲಿ ಪಂಚಾಯ್ತಿ. ಅಜ್ಜ ಅವನಿಗೆ ಬೆತ್ತದಲ್ಲಿ ಹೊಡೆದರು. ನನ್ನ ಅಪ್ಪ ಅವನಪ್ಪನನ್ನು ನಾಲ್ಕು ಜನರ ಎದುರು ಬೈದರು. ಮಗನನ್ನು ಹತೋಟಿಯಲ್ಲಿ ಇಟ್ಟುಕೊಳ್ಳಲಾಗದಿದ್ದರೆ ನಾಳೆಯಿಂದ ಕೆಲಸಕ್ಕೆ ಬರುವುದು ಬೇಡ ಅಂದರು. ನಾನು ಬಾಗಿಲ ಹಿಂದೆ ಇದ್ದೆ. ಅವನು ಒಂದು ಸಲ ಬಾಗಿಲ ಕಡೆ ನೋಡಿದ. ನಾನು ಕಾಣಿಸಿದೆ. ಮತ್ತೆ ತಲೆ ತಗ್ಗಿಸಿದ. ಏನೂ ಹೇಳಲಿಲ್ಲ.

ಅವನಪ್ಪ ಮರುದಿನದಿಂದ ಬರಲಿಲ್ಲ. ಅವರ ಮನೆಯವರು ಸಾಗರದ ಕಡೆ ಹೋದರು. ನಾನು ಹೈಸ್ಕೂಲು, ಪಿಯುಸಿ, ಇಂಜಿನಿಯರಿಂಗು, ಬೆಂಗಳೂರು, ಅಮೆರಿಕ. ಹೇಳಬೇಕು ಅಂತ ಅನ್ನಿಸಲಿಲ್ಲವೇ ಅಂದರೆ ಅನ್ನಿಸುತ್ತಿತ್ತು. ಆದರೆ ಪ್ರತಿ ವರ್ಷ ಅದು ಇನ್ನೂ ಹಳೆಯದಾಗುತ್ತಿತ್ತು. ಕೋಡಿನಲ್ಲಿ ಒಂದು ತಪ್ಪು ಬಿಟ್ಟು, ಯಾರೂ ದೂರು ಕೊಡಲಿಲ್ಲ ಅಂತ ಸುಮ್ಮನಿದ್ದ ಹಾಗೆ. ಅದರ ಮೇಲೇ ಉಳಿದದ್ದೆಲ್ಲ ಕಟ್ಟಿದ ಮೇಲೆ ಮುಟ್ಟೋಕೆ ಭಯ.

ಟನೆಲ್ ಫಾಲ್ಸ್ ಒಂದು ತಿರುವಿನಲ್ಲಿ ಏಕದಂ ಎದುರಾಗುತ್ತದೆ. ಸುಮಾರು 170 ಅಡಿ ಎತ್ತರದಿಂದ ಒಂದೇ ಧಾರೆ, ಸುತ್ತ ಪಾಚಿ ಹಿಡಿದ ಕಪ್ಪು ಗೋಡೆ, ದುಂಡಗಿನ ಬಾವಿಯೊಳಗೆ ನಿಂತ ಹಾಗೆ. ದಾರಿ ಹೋಗುವುದು ಬುಡಕ್ಕೂ ಅಲ್ಲ, ತಲೆಗೂ ಅಲ್ಲ, ಸೀದಾ ಧಾರೆಯ ನಡುವಿಗೆ. ಅಲ್ಲಿ ನೀರಿನ ಹಿಂದೆ ಬಂಡೆಯಲ್ಲಿ ಸುರಂಗ ಕೊರೆದಿದ್ದಾರೆ. ಉಕ್ಕಿನ ಹಗ್ಗ ಹಿಡಿದು ಒಳಗೆ ಹೋದೆ. ಇಪ್ಪತ್ತು ಹೆಜ್ಜೆಯೂ ಇಲ್ಲ. ಒಳಗೆ ಕತ್ತಲು, ಮೇಲಿಂದ ಹನಿ, ಗೋಡೆಗೆ ಕೈಯಿಟ್ಟರೆ ಇಡೀ ಬಂಡೆ ನಡುಗುವುದು ಗೊತ್ತಾಗುತ್ತದೆ. ಜೋಗವನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಆದರೆ ಯಾವಾಗಲೂ ಎದುರಿನಿಂದ. ಜಲಪಾತದ ಬೆನ್ನ ಹಿಂದೆ ನಿಂತದ್ದು ಇದೇ ಮೊದಲು. ಅಲ್ಲಿ ಎಷ್ಟು ಕೂಗಿದರೂ ಯಾರಿಗೂ ಕೇಳಿಸುವುದಿಲ್ಲ. ಹೇಳಬಾರದ ಮಾತು ಹೇಳೋಕೆ ಒಳ್ಳೆಯ ಜಾಗ ಅನ್ನಿಸಿತು. ಬಾಯಿ ತೆರೆದೆ ಕೂಡ. ಆಮೇಲೆ ನಾಚಿಕೆಯಾಯಿತು. ಆ ಹುಡುಗ ಹದಿನೈದನೇ ವಯಸ್ಸಿನಲ್ಲಿ ಕೋರ್ಟಿನಲ್ಲಿ ತುಂಬಿದ ಜನರ ಎದುರು ನಿಂತು ಹೇಳಿದ್ದ. ನಾನು ಕಲ್ಲಿನ ಮುಂದೆ, ಯಾರಿಗೂ ಕೇಳಿಸದ ಹಾಗೆ!

ಗೆಳೆಯ ಬಂದು ಸೇರಿದ. ನೀರಿನ ತುಂತುರಿನಲ್ಲೇ ಚಿತ್ರಾನ್ನ ತಿಂದೆವು. ಇಳಿಯುವಾಗ ಸಣ್ಣಗೆ ಮಳೆ ಹಿಡಿಯಿತು. ಬೆಳಿಗ್ಗೆ ಬೂದು ಬಣ್ಣಕ್ಕೆ ಕಂಡ ಮರಗಳು ನೆನೆದು ಕಪ್ಪಾದವು, ಕೆಳಗಿನ ಮೇಪಲ್ ಎಲೆಗಳು ಇನ್ನೂ ಕೆಂಪಾದವು. ಇಷ್ಟು ದೊಡ್ಡ ಬೆಂಕಿಯ ವ್ಯಾಪ್ತಿಯಲ್ಲೂ ಅರ್ಧಕ್ಕಿಂತ ಹೆಚ್ಚು ಭಾಗ ಸುಟ್ಟೇ ಇರಲಿಲ್ಲ ಅಥವಾ ಸ್ವಲ್ಪ ಸುಟ್ಟಿತ್ತು ಅಂತ ಗೆಳೆಯ ಹೇಳಿದ. ಕಾಡು ತನ್ನ ಪಾಡಿಗೆ ತಾನು ಬರುತ್ತಿತ್ತು. ಅದು ಯಾರ ಕ್ಷಮಾಪಣೆಗೂ ಕಾದಿರಲಿಲ್ಲ. ಕಾಯುವುದು ಮನುಷ್ಯರು.

ಮನೆ ಸೇರಿ ಸ್ನಾನ ಮಾಡಿದಾಗ ಊರಲ್ಲಿ ಭಾನುವಾರ ಬೆಳಿಗ್ಗೆ. ಅಪ್ಪನಿಗೆ ಫೋನ್ ಮಾಡಿದೆ. ಅಡಿಕೆ ದರ, ಕೊಳೆರೋಗ, ಮಂಗನ ಕಾಟ ಎಲ್ಲ ಮುಗಿದ ಮೇಲೆ ಹೇಳಿದೆ. ಆ ಕಡೆ ಬಹಳ ಹೊತ್ತು ಮಾತಿಲ್ಲ. ಲೈನ್ ಕಟ್ಟಾಯಿತೋ ಅಂದುಕೊಂಡೆ.

"ಅಂವ ಹೋಗಿ ನಾಕು ವರ್ಷ ಆತು" ಅಂದರು ಅಪ್ಪ. ಹುಡುಗನ ಅಪ್ಪನ ವಿಷಯ. "ನಾಲ್ಕು ಜನರ ಎದುರಿಗೆ ಬೈದಿದ್ದೆ ಅವಂಗೆ." ಇಷ್ಟೇ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಫೋನ್ ಅಮ್ಮನ ಕೈಗೆ ಕೊಟ್ಟರು.

ಅವನ ನಂಬರು ಅಮ್ಮ ಯಾರಿಂದಲೋ ಹುಡುಕಿ ಕಳಿಸಿದಳು. ಸಾಗರದಲ್ಲಿ ಸ್ವಂತ ಗೂಡ್ಸ್ ಆಟೋ ಇಟ್ಟಿದ್ದಾನಂತೆ. ನಂಬರು ಸಿಕ್ಕ ಮೇಲೂ ಮೂರು ವಾರ ಬೇಕಾಯಿತು ನನಗೆ. ಒಂದು ರಾತ್ರಿ ಮಾಡಿದೆ.

"ನೀ ಮಾಡ್ತೀಯ ಅಂತ ಕಾಯ್ತಾ ಇದ್ದೆ ಮಾರಾಯ" ಅಂದ.

ನನಗೆ ಅರ್ಥವಾಗಲಿಲ್ಲ. ಅವನೇ ಹೇಳಿದ. ಹದಿನೈದು ದಿನದ ಹಿಂದೆ ಅಪ್ಪ ಅವನ ಆಟೋ ಸ್ಟ್ಯಾಂಡಿಗೆ ಹೋಗಿದ್ದರಂತೆ. ಅಡಿಕೆ ಮಂಡಿಗೆ ಬಾಡಿಗೆ ಬರ್ತೀಯ ಅಂತ ಕೇಳಿ, ದಾರಿಯುದ್ದಕ್ಕೂ ಮಾತಾಡದೆ ಕೂತಿದ್ದು, ಮಂಡಿಯಲ್ಲಿ ಇಳಿದು ಬಾಡಿಗೆ ಕೊಡುವಾಗ ಹೇಳಿದರಂತೆ. "ನಿಮ್ಮಪ್ಪ ಅಳ್ತಾ ಇದ್ರು. ನಂಗೆ ಎಂತ ಮಾಡೋದು ಗೊತ್ತಾಗ್ಲಿಲ್ಲ. ಚಾ ಕುಡಿಸಿ ಬಸ್ಸಿಗೆ ಕೂರಿಸಿದೆ" ಅಂದ.

ಅವತ್ತು ಯಾಕೆ ನನ್ನ ಹೆಸರು ಹೇಳಲಿಲ್ಲ ಅಂತ ಕೇಳಿದೆ. "ಹೇಳಿದ್ರೆ ನಂಬ್ತಿದ್ರಾ?" ಅಂದ. ನಂಬುತ್ತಿರಲಿಲ್ಲ. ಹದಿನೈದು ವರ್ಷ ನಾನು ಅದನ್ನು ಅವನ ಒಳ್ಳೆಯತನ ಅಂದುಕೊಂಡಿದ್ದೆ. ಅವನಿಗೆ ಆ ವಯಸ್ಸಿಗೇ ಲೆಕ್ಕ ಗೊತ್ತಿತ್ತು.

ಆಮೇಲೆ ಅಂದ, "ನೀ ಓಡಿದ್ದಕ್ಕೆ ಬೇಜಾರಿಲ್ಲ, ಇಬ್ರೂ ಹುಡುಗ್ರು. ಅಪ್ಪ ಇರೋವಾಗ ಹೇಳ್ಬೋದಿತ್ತು. ಅವ್ರು ಸಾಯೋ ತನಕ ನಾನೇ ಹಚ್ಚಿದ್ದು ಅಂತ ತಿಳ್ಕೊಂಡಿದ್ರು."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಆ ಹುಡುಗನಿಗೆ ಹಾಕಿದ ಹಾಗೆ ಇದಕ್ಕೆ ಯಾರಾದರೂ ಒಂದು ಮೊತ್ತ ಹೇಳಿದ್ದರೆ ಕಂತು ಕಟ್ಟಿಕೊಂಡು ಇರುತ್ತಿದ್ದೆನೇನೋ.

"ಆ ಬೆಟ್ಟ ಈಗ ಹೆಂಗಿದೆ?" ಅಂತ ಕೇಳಿದೆ, ಏನಾದರೂ ಕೇಳಬೇಕಲ್ಲ ಅಂತ.

"ಬೆಟ್ಟಕ್ಕೆಂತ ಆಗ್ತದೆ. ಎರಡು ಮಳೆಗೆ ಚಿಗುರ್ತದೆ. ಆ ಗೇರುಮರ ಇನ್ನೂ ಉಂಟು" ಅಂದ. ಸ್ವಲ್ಪ ತಡೆದು, "ಅಲ್ಲಿ ಸಿಗ್ತದಾ ಗೇರುಬೀಜ?"

"ಸಿಗ್ತದೆ. ಡಬ್ಬಿಯಲ್ಲಿ. ಹುರಿದು ಉಪ್ಪು ಹಾಕಿದ್ದು."

"ಅದೆಂತ ಗೇರುಬೀಜ ಮಾರಾಯ" ಅಂದು ನಕ್ಕ. "ಮಾರ್ಚಲ್ಲಿ ಬಾ. ಹೊಳೆ ಹತ್ರ ಹೋಪನ."

ಮಾರ್ಚಿಗೆ ಟಿಕೆಟ್ ಮಾಡಿಸಿದ್ದೇನೆ.